ಉದ್ದದ ಭಾಗದಲ್ಲಿ ಹೆಚ್ಚು ಮರಗಳಿಲ್ಲ

ಬಾಕ್ಸ್ ಪ್ಲಾಟ್ ಎಂದರೆ ಕ್ರಮದಲ್ಲಿ ಜೋಡಿಸಿದ ಸಂಖ್ಯೆಗಳನ್ನು ಮೂರು ಗೆರೆಗಳಿಂದ ಸಮ ಎಣಿಕೆಯ ನಾಲ್ಕು ಭಾಗ ಮಾಡಿ ತೋರಿಸುವ ನಕ್ಷೆ: ನಡುವಿನ ಎರಡು ಭಾಗ ಸೇರಿ ಒಂದು ಪೆಟ್ಟಿಗೆ, ಅದರ ಎರಡೂ ಬದಿಗೆ ‘ಮೀಸೆ’ ಎಂಬ ಗೆರೆ. ಅಂಥದ್ದೊಂದನ್ನು ತೋರಿಸಿ ‘ಇದರಲ್ಲಿ ಹೆಚ್ಚು ಸಂಖ್ಯೆಗಳು ಎಲ್ಲಿವೆ?’ ಎಂದು ಕೇಳಿದರೆ, ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಅತಿ ಉದ್ದದ ಭಾಗಕ್ಕೆ ಬೆರಳಿಡುತ್ತಾರೆ. ಸ್ತಂಭನಕ್ಷೆ ನೋಡಿ ಬಂದ ಅಭ್ಯಾಸವದು. ಅಲ್ಲಿ ಉದ್ದ ಎಂದರೆ ಹೆಚ್ಚು. ಇಲ್ಲಿ ಹಾಗಲ್ಲ. ಇಲ್ಲಿ ಉದ್ದ ಎಂದರೆ ಚದುರಿದ್ದು, ಗಿಡ್ಡ ಎಂದರೆ ಒತ್ತಾಗಿ ಸೇರಿದ್ದು. ಇಷ್ಟು ತಲೆಗೆ ಹತ್ತಿದರೆ ಬಾಕ್ಸ್ ಪ್ಲಾಟ್‌ನಷ್ಟು ಸುಖದ ನಕ್ಷೆ ಇನ್ನೊಂದಿಲ್ಲ.

ಕಾಸರಗೋಡು ಕಡೆಯ ಒಂದು ತೋಟದಲ್ಲಿ 11 ತೆಂಗಿನ ಮರಗಳಿಂದ ಕಾಯಿ ತೆಗೆಸಿ, ಮರಮರದ ಲೆಕ್ಕ ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ಏರಿಕೆಯ ಕ್ರಮದಲ್ಲಿ: 4, 7, 8, 9, 10, 11, 12, 13, 14, 15, 29. ನಡುವಿನ, ಅಂದರೆ ಆರನೆಯ ಸಂಖ್ಯೆ 11, ಅದೇ ಮಧ್ಯಾಂಕ. ಅದನ್ನು ಬಿಟ್ಟು ಕೆಳಗಿನ ಐದರ ನಡು 8, ಮೊದಲ ಚತುರ್ಥಕ. ಮೇಲಿನ ಐದರ ನಡು 14, ಮೂರನೆಯ ಚತುರ್ಥಕ. ಈಗ ಒಂದೊಂದು ಭಾಗದೊಳಗೆ ಎಷ್ಟು ಮರಗಳಿವೆ ಎಂದು ಎಣಿಸಿ. 8ಕ್ಕಿಂತ ಕೆಳಗೆ ಎರಡು, 8 ಮತ್ತು 11ರ ನಡುವೆ ಎರಡು, 11 ಮತ್ತು 14ರ ನಡುವೆ ಎರಡು, 14ರ ಆಚೆಗೆ ಎರಡು. ಉಳಿದ ಮೂರು ಗೆರೆಗಳ ಮೇಲೆಯೇ ಕೂತಿವೆ. ಆದರೆ ನಡುವಿನ ಭಾಗಗಳ ಉದ್ದ ಮೂರು ಮೂರು ಕಾಯಿ, ಕೊನೆಯದರ ಉದ್ದ 14ರಿಂದ 29ರವರೆಗೆ ಹದಿನೈದು ಕಾಯಿ! ಐದು ಪಟ್ಟು ಉದ್ದ, ಒಳಗಿರುವುದು ಅದೇ ಎರಡು ಮರ.

ಅಂಗಳದಲ್ಲಿ ಅಡಿಕೆ ಒಣಹಾಕುವುದನ್ನು ನೆನೆದುಕೊಳ್ಳಿ. ನಾಲ್ಕು ಬುಟ್ಟಿ, ನಾಲ್ಕರಲ್ಲೂ ಸಮ ಅಡಿಕೆ. ಒಂದು ಬುಟ್ಟಿಯದನ್ನು ಮೂಲೆಯಲ್ಲಿ ರಾಶಿಯಾಗಿ ಸುರಿದಿದ್ದಾರೆ, ಇನ್ನೊಂದರದನ್ನು ಅಂಗಳದ ಅರ್ಧದಷ್ಟು ಹರಡಿದ್ದಾರೆ. ಹರಡಿದ ಜಾಗ ದೊಡ್ಡದಾದ ಮಾತ್ರಕ್ಕೆ ಅಡಿಕೆ ಹೆಚ್ಚಾಗುವುದಿಲ್ಲ. ಊಟದ ಪಂಕ್ತಿಯೂ ಹಾಗೆಯೇ: ಇಪ್ಪತ್ತೈದು ಎಲೆಗಳನ್ನು ಚಾವಡಿಯಲ್ಲಿ ತಾಗಿಸಿ ಹಾಕಬಹುದು, ಚಪ್ಪರದಲ್ಲಿ ಆರಾಮವಾಗಿ ದೂರ ದೂರ ಹಾಕಬಹುದು. ಉಣ್ಣುವವರು ಇಪ್ಪತ್ತೈದೇ.

ಇನ್ನು ಬಿಡಿಸುವುದು. ಗ್ರಾಫ್ ಹಾಳೆಯಲ್ಲಿ 1 ಸೆ.ಮೀ.ಗೆ 2 ಕಾಯಿ ಎಂದು ಅಳತೆ ಇಟ್ಟು, 0ಯಿಂದ 30ರವರೆಗೆ 15 ಸೆ.ಮೀ. ಗೆರೆ ಎಳೆಯಿರಿ. ಅದರ ಮೇಲೆ 4 ಸೆ.ಮೀ.ಯಿಂದ 7 ಸೆ.ಮೀ.ವರೆಗೆ ಪೆಟ್ಟಿಗೆ, 5.5ರಲ್ಲಿ ಮಧ್ಯಾಂಕದ ಲಂಬ ಗೆರೆ. ಪೆಟ್ಟಿಗೆಯ ಎತ್ತರಕ್ಕೆ ಅರ್ಥವೇನೂ ಇಲ್ಲ, 1 ಸೆ.ಮೀ. ಸಾಕು. ಮಕ್ಕಳು ಎಡವುವುದು ಹೆಚ್ಚಾಗಿ ಎರಡು ಕಡೆ. ಸಂಖ್ಯೆಗಳನ್ನು ಕ್ರಮದಲ್ಲಿ ಜೋಡಿಸದೆ ನಡುವಿನದನ್ನು ಹೆಕ್ಕುತ್ತಾರೆ. ಇಲ್ಲವೇ ಐದು ಮುಖ್ಯ ಸಂಖ್ಯೆಗಳನ್ನು (ಕನಿಷ್ಠ, ಮೊದಲ ಚತುರ್ಥಕ, ಮಧ್ಯಾಂಕ, ಮೂರನೆಯ ಚತುರ್ಥಕ, ಗರಿಷ್ಠ) ಸಮ ಅಂತರದಲ್ಲಿ ಗುರುತಿಸುತ್ತಾರೆ. ಹಾಗೆ ಮಾಡಿದರೆ ಯಾರ ಲೆಕ್ಕವಾದರೂ ನಕ್ಷೆ ಒಂದೇ ಥರ ಕಾಣುತ್ತದೆ, ಬಿಡಿಸಿಯೂ ಪ್ರಯೋಜನವಿಲ್ಲ.

ಮೀಸೆ ಎಲ್ಲಿಯವರೆಗೆ? ಸರಳ ವಿಧಾನದಲ್ಲಿ ಕನಿಷ್ಠದಿಂದ ಗರಿಷ್ಠದವರೆಗೆ. ಅಮೆರಿಕದ ಮೇರಿ ಎಲೀನರ್ ಸ್ಪಿಯರ್ 1952ರಲ್ಲೇ ಇದಕ್ಕೆ ಹತ್ತಿರದ ನಕ್ಷೆಯೊಂದನ್ನು ಕೊಟ್ಟಿದ್ದರು. ಅದಕ್ಕೆ ಬೇಲಿ ಹಾಕಿ 1977ರ ಪುಸ್ತಕದಿಂದ ಜನಪ್ರಿಯಗೊಳಿಸಿದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ. ಕಂಪ್ಯೂಟರಿನ ‘ಬಿಟ್’ ಎಂಬ ಪದ ಹುಟ್ಟಿಸಿದವರೂ ಅವರೇ. ಆದರೂ ಈ ನಕ್ಷೆಯನ್ನು ಕಾಗದ, ಪೆನ್ಸಿಲ್ ಹಿಡಿದೇ ಬಿಡಿಸುವಂತೆ ರೂಪಿಸಿದರು. ಅವರ ಲೆಕ್ಕ ಹೀಗೆ: ಪೆಟ್ಟಿಗೆಯ ಉದ್ದ 14 − 8 = 6; ಅದರ ಒಂದೂವರೆ ಪಟ್ಟು 9. ಮೇಲಿನ ಬೇಲಿ 14 + 9 = 23, ಕೆಳಗಿನದು 8 − 9 = −1. ಬೇಲಿ ಕಣ್ಣಿಗೆ ಕಾಣದ ಗಡಿ, ಅದನ್ನು ಬಿಡಿಸಬಾರದು. ಮೀಸೆ ಬೇಲಿಯೊಳಗಿನ ಕೊನೆಯ ಮರದಲ್ಲಿ ನಿಲ್ಲಬೇಕು: ಬಲಕ್ಕೆ 15ರಲ್ಲಿ (23ರಲ್ಲಿ ಅಲ್ಲ), ಎಡಕ್ಕೆ 4ರಲ್ಲಿ. 29 ಬೇಲಿಯ ಹೊರಗೆ, 14.5 ಸೆ.ಮೀ.ಯಲ್ಲಿ ಒಂಟಿ ಚುಕ್ಕೆ. ಒಂದೂವರೆಯೇ ಏಕೆ? ಗಂಟೆಯಾಕಾರದ ಪ್ರಸಾಮಾನ್ಯ ಹಂಚಿಕೆಯಲ್ಲಿ ಒಂದು ಪಟ್ಟು ಇಟ್ಟರೆ ಸಾವಿರಕ್ಕೆ ಸುಮಾರು 43 ಹೊರಗೆ ಬೀಳುತ್ತವೆ, ಎರಡು ಪಟ್ಟು ಇಟ್ಟರೆ ಒಂದಕ್ಕಿಂತಲೂ ಕಡಿಮೆ. ಒಂದೂವರೆಗೆ ಸುಮಾರು 7.

ಹೊರಗೆ ಬಿದ್ದದ್ದು ತಪ್ಪು ಲೆಕ್ಕ, ಅಳಿಸಿಬಿಡಿ ಎನ್ನುವವರಿದ್ದಾರೆ. ದಯವಿಟ್ಟು ಅಳಿಸಬೇಡಿ. ಮೊದಲು ಲೆಕ್ಕದ ಪುಸ್ತಕ ನೋಡಿ: 19 ಎಂದು ಬರೆಯಲು ಹೋಗಿ 29 ಆಯಿತೇ, ಎರಡು ಮರದ ಕಾಯಿ ಒಟ್ಟಿಗೆ ಎಣಿಸಿದರೇ? ಎರಡೂ ಅಲ್ಲವಾದರೆ ಆ ಮರದ ಬುಡಕ್ಕೆ ಹೋಗಿ ನಿಲ್ಲಿ. ವರ್ಷ ವರ್ಷವೂ ಹೀಗೆ ಬಿಡುವ ಮರದಿಂದಲೇ ಅಲ್ಲವೇ ಬೀಜದ ಕಾಯಿ ಆರಿಸುವುದು? ಇನ್ನು 4 ಕಾಯಿಯ ಮರಕ್ಕೆ ದೃಷ್ಟಿ ತಾಗಿದೆ ಎಂದು ತಗಡು ಕಟ್ಟಿಸುವ ಮುಂಚೆ ನಕ್ಷೆ ನೋಡಿ: ಪಕ್ಕದ 7ಕ್ಕಿಂತ ಅದು ಮೂರೇ ಕಾಯಿ ಕಡಿಮೆ. ಮರದಿಂದ ಮರಕ್ಕೆ ಇಷ್ಟು ವ್ಯತ್ಯಾಸ ಸಹಜ. ಆದರೆ ಬೇಲಿಯೊಳಗಿದೆ ಎಂದ ಮಾತ್ರಕ್ಕೆ ಮರ ಆರೋಗ್ಯವಾಗಿದೆ ಎಂದೂ ಅಲ್ಲ; ಕೆಳಬೇಲಿ −1, ಒಂದೂ ಕಾಯಿ ಬಿಡದ ಮರ ಕೂಡ ಅದನ್ನು ದಾಟಲಾರದು. ಸುಳಿಯಲ್ಲಿ ಕುರುವಾಯಿ ದುಂಬಿ ಕೊರೆದಿದೆಯೇ, ಎಳೆಕಾಯಿ ಉದುರುತ್ತಿದೆಯೇ ಎಂದು ನೋಡಲೇಬೇಕು.

ಇದೇ ಲೆಕ್ಕವನ್ನು ಎಕ್ಸೆಲ್‌ನ ಕ್ವಾರ್ಟೈಲ್ ಸೂತ್ರಕ್ಕೆ ಕೊಟ್ಟರೆ 8 ಮತ್ತು 14ರ ಬದಲು 8.5 ಮತ್ತು 13.5 ಬರುತ್ತದೆ. ಮಕ್ಕಳು ಗಾಬರಿಯಾಗುವುದು ಇಲ್ಲಿ. ಯಾವುದೂ ತಪ್ಪಲ್ಲ, ಮಧ್ಯಾಂಕವನ್ನು ಎರಡೂ ಅರ್ಧಗಳಿಗೆ ಸೇರಿಸಿದರೆ ಕೈಲೆಕ್ಕದಲ್ಲೂ ಅದೇ ಸಿಗುತ್ತದೆ. ಪರೀಕ್ಷೆಯಲ್ಲಿ ಪಠ್ಯಪುಸ್ತಕದ ವಿಧಾನ ಹಿಡಿಯಿರಿ, ಬೇರೆಡೆ ಯಾವ ವಿಧಾನವೆಂದು ಬರೆಯಿರಿ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ತೋಟದಲ್ಲಿ ಎತ್ತರದ ತಳಿ, ಗಿಡ್ಡ ತಳಿ ಎರಡೂ ಬೆರೆತಿದ್ದು, ಒಂದರ ಲೆಕ್ಕ 6ರ ಆಸುಪಾಸು, ಇನ್ನೊಂದರದು 16ರ ಆಸುಪಾಸು ಇದ್ದರೆ, ನಡುವಿನ ಖಾಲಿ ಜಾಗವನ್ನು ಪೆಟ್ಟಿಗೆ ಮುಚ್ಚಿಬಿಡುತ್ತದೆ. ಮಧ್ಯಾಂಕದ ಗೆರೆ ಒಂದು ಮರವೂ ಇಲ್ಲದ ಕಡೆ ಬೀಳಬಹುದು. ಆಗ ಒಂದೇ ಅಳತೆಗೆರೆಯ ಮೇಲೆ ತಳಿಗೊಂದರಂತೆ ಎರಡು ಪೆಟ್ಟಿಗೆ ಎಳೆಯಿರಿ, ಮರಗಳನ್ನು ಸಣ್ಣ ಚುಕ್ಕೆಗಳಾಗಿ ಅವುಗಳ ಕೆಳಗೆ ಗುರುತಿಸಿ.