ಪೇನಾ ಅರಮನೆಯ ಒಳಗಿನ ಕೆತ್ತನೆ ಕಲ್ಲಿನದೋ, ಗಾರೆಯದೋ?

ಓದುಗರ ಪ್ರಶ್ನೆ: ಪೋರ್ಚುಗಲ್‌ನ ಸಿಂತ್ರಾದಲ್ಲಿರುವ ಪೇನಾ ಅರಮನೆಯ ಒಳಗೆ ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಕೆತ್ತನೆಯೇ ಕಾಣುತ್ತದೆ. ಅದೆಲ್ಲ ನಿಜವಾಗಿ ಕೆತ್ತಿದ ಕಲ್ಲು, ಮರವೇ? ಅಲ್ಲದಿದ್ದರೆ ಹೇಗೆ ಮಾಡಿದರು? ನೋಡಿದರೆ ಗುರುತು ಹಿಡಿಯಬಹುದೇ?

ಬಹುಪಾಲು ಕಲ್ಲೂ ಅಲ್ಲ, ಮರವೂ ಅಲ್ಲ. ಅದು ಜಿಪ್ಸಮ್ ಗಾರೆ. ಕೆಲವು ಕೋಣೆಗಳಲ್ಲಿ ಗಾರೆಯ ಉಬ್ಬು ಕೂಡ ಇಲ್ಲ, ಉಬ್ಬಿನಂತೆ ಕಾಣುವ ಬಣ್ಣ ಮಾತ್ರ ಇದೆ. ಇದನ್ನು ಕೇಳಿ ನಿರಾಶರಾಗಬೇಕಿಲ್ಲ. ಕಲ್ಲಿನಲ್ಲಿ ಮಾಡಿದ್ದರೆ ಈ ಕೋಣೆಗಳು ಈ ರೂಪಕ್ಕೆ ಬರುತ್ತಲೇ ಇರಲಿಲ್ಲ.

ಹಿನ್ನೆಲೆ ಸ್ವಲ್ಪ ಬೇಕು. ರಾಣಿ ಎರಡನೇ ಮರಿಯಾಳನ್ನು 1836ರಲ್ಲಿ ಮದುವೆಯಾದ ಜರ್ಮನ್ ರಾಜಕುಮಾರ ಫೆರ್ನಾಂದೊ ಚಿತ್ರ ಬರೆಯುತ್ತಿದ್ದ, ತಾಮ್ರದ ತಗಡಿನಲ್ಲಿ ಎಚಿಂಗ್ ಮಾಡುತ್ತಿದ್ದ. ಜನ ಅವನನ್ನು ಕಲಾವಿದ ಅರಸ ಎಂದೇ ಕರೆದರು. ಸಿಂತ್ರಾ ಬೆಟ್ಟದ ತುದಿಯಲ್ಲಿದ್ದ ಹಳೆಯ ಪೇನಾ ಮಠ 1755ರ ಭೂಕಂಪದಲ್ಲಿ ಹಾಳಾಗಿತ್ತು. 1834ರಲ್ಲಿ ಸರ್ಕಾರ ಮಠಗಳನ್ನೇ ರದ್ದು ಮಾಡಿದ ಮೇಲೆ ಅಲ್ಲಿ ಯಾರೂ ಉಳಿಯಲಿಲ್ಲ. ಫೆರ್ನಾಂದೊ 1838ರಲ್ಲಿ ಅದನ್ನು ಕೊಂಡು, ಗಣಿ ಎಂಜಿನಿಯರ್ ಆಗಿದ್ದ ಜರ್ಮನಿಯ ಎಶ್ವೆಗೆಗೆ ಕಟ್ಟುವ ಹೊಣೆ ಕೊಟ್ಟ. ಗೋಥಿಕ್ ಕಮಾನು, ಸಮುದ್ರಯಾನದ ಕಾಲದ ಮಾನುಎಲಿನೊ ಶೈಲಿಯ ಹಗ್ಗದ ಗಂಟುಗಳು, ಅರಬ್ ಬಗೆಯ ಮೂರಿಶ್ ಜ್ಯಾಮಿತಿ, ಇವೆಲ್ಲ ಒಂದೇ ಮನೆಯಲ್ಲಿ ಇರಬೇಕೆಂಬುದು ಹಳೆಯ ಕಾಲ, ದೂರದ ನಾಡುಗಳ ಮೋಹದಲ್ಲಿದ್ದ ರೊಮ್ಯಾಂಟಿಕ್ ಕಾಲದ ಆಸೆ. ಅಷ್ಟು ಬಗೆಯ ಅಲಂಕಾರವನ್ನು ಕೆಲವೇ ವರ್ಷಗಳಲ್ಲಿ, ಹಳೆಯ ಮಠದ ಗೋಡೆಗಳು ಹೊರಬಹುದಾದ ಭಾರದಲ್ಲಿ ಮಾಡಿ ಮುಗಿಸಲು ಗಾರೆಗಿಂತ ಒಳ್ಳೆಯ ದಾರಿ ಇರಲಿಲ್ಲ. ಭಾರದ ಲೆಕ್ಕ ನೋಡಿ. ಒಂದು ಚದರ ಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪದ ಅಮೃತಶಿಲೆಯ ಫಲಕ 80 ಕೆಜಿ ತೂಗುತ್ತದೆ. ಅದೇ ಅಳತೆಯ ಒಣಗಿದ ಜಿಪ್ಸಮ್ ಫಲಕ ಸುಮಾರು 30 ಕೆಜಿ. ಚಾವಣಿಗೆ ತೂಗುಹಾಕುವಾಗ ಈ ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಈ ಗಾರೆ ನಮಗೆ ಹೊಸದಲ್ಲ. ಫಾಲ್ಸ್ ಸೀಲಿಂಗ್‌ಗೆ, ಗಣೇಶನ ಮೂರ್ತಿಗೆ ಬಳಸುವ ಪಿಒಪಿಯೇ ಅದು. ಜಿಪ್ಸಮ್ ಕಲ್ಲನ್ನು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟರೆ ಅದರೊಳಗೆ ಹರಳಾಗಿ ಕೂತ ನೀರಿನ ಮುಕ್ಕಾಲು ಪಾಲು ಹೋಗಿ ಪುಡಿಯಾಗುತ್ತದೆ. ಆ ಪುಡಿಗೆ ಮತ್ತೆ ನೀರು ಕೊಟ್ಟರೆ ಕಳೆದುಕೊಂಡ ನೀರನ್ನು ಹಿಂತೆಗೆದುಕೊಂಡು ಕಲ್ಲಾಗುತ್ತದೆ. ಗಟ್ಟಿಯಾಗುವಾಗ ಕೈಗೆ ಬಿಸಿ ತಾಗುತ್ತದೆ, ಒಂದಿಷ್ಟು ಹಿಗ್ಗುತ್ತದೆ ಕೂಡ. ಆ ಹಿಗ್ಗುವಿಕೆ ಕೂದಲೆಳೆಯಷ್ಟೇ. ಆದರೆ ಅಚ್ಚಿನ ಮೂಲೆಮೂಲೆಗೂ ನುಗ್ಗಿ ಎಲೆಯ ನರ, ದಾರದ ಹುರಿ ಎಲ್ಲ ಸ್ಪಷ್ಟವಾಗಿ ಮೂಡುವುದು ಅದರಿಂದಲೇ. ಸುಣ್ಣದ ಗಾರೆ ಇದಕ್ಕೆ ತದ್ವಿರುದ್ಧ. ಒಣಗುತ್ತ ಕುಗ್ಗುತ್ತದೆ, ಗಟ್ಟಿಯಾಗಲು ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಾಗಾದರೆ ನಮ್ಮ ಗೋಪುರಗಳ ಗಾರೆ ಗೊಂಬೆಗಳನ್ನು ಸುಣ್ಣದಲ್ಲೇ ಏಕೆ ಮಾಡಿದರು? ಮಳೆಯ ಕಾರಣಕ್ಕೆ. ಸುಣ್ಣ ಗಾಳಿಯೊಡನೆ ಸೇರಿ ಸುಣ್ಣಕಲ್ಲಾದ ಮೇಲೆ ನೀರಿಗೆ ಕರಗುವುದು ತೀರಾ ಕಡಿಮೆ. ಜಿಪ್ಸಮ್ ಒಂದು ಲೀಟರ್ ನೀರಿಗೆ ಸುಮಾರು 2.4 ಗ್ರಾಂ ಕರಗುತ್ತದೆ. ನಿಂತ ನೀರಿನಲ್ಲಿ ಪಿಒಪಿ ಮೂರ್ತಿ ಬೇಗ ಕರಗದೆ ಉಳಿಯುವುದಕ್ಕೂ, ಹರಿಯುವ ಅಥವಾ ತೊಟ್ಟಿಕ್ಕುವ ನೀರಿನಡಿ ಅದೇ ಗಾರೆಯ ಮೈ ಸವೆದುಹೋಗುವುದಕ್ಕೂ ಈ ಒಂದೇ ಅಂಕಿ ಕಾರಣ. ಹಾಗಾಗಿ ಪೋರ್ಚುಗಲ್‌ನ ಕೆಲಸಗಾರರು ಜಿಪ್ಸಮ್ಮನ್ನು ಸೂರಿನ ಒಳಗೇ ಇಟ್ಟರು.

ಈಗ ಕೆಲಸದ ಕ್ರಮಕ್ಕೆ ಬರೋಣ. ಗಾರೆ ಕಲೆಸುವಲ್ಲೇ ಹಲವರು ತಪ್ಪುತ್ತಾರೆ. ಪುಡಿಯನ್ನು ನೀರಿಗೆ ಉದುರಿಸಬೇಕೇ ಹೊರತು ನೀರನ್ನು ಪುಡಿಗೆ ಸುರಿಯಬಾರದು. 10 ಲೀಟರ್ ನೀರಿಗೆ ಸುಮಾರು 14 ಕೆಜಿ ಪುಡಿ. ಮೇಲೆ ಅಲ್ಲಲ್ಲಿ ಒಣ ದ್ವೀಪಗಳಂತೆ ಪುಡಿ ನಿಲ್ಲುವವರೆಗೆ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಗಾಳಿ ಸೇರದಂತೆ ನಿಧಾನವಾಗಿ ತಿರುವಬೇಕು. ಕೈಯಲ್ಲಿರುವ ಸಮಯ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬಿಗಿಯಲು ಶುರುವಾದ ಗಾರೆಗೆ ಮತ್ತೆ ನೀರು ಹಾಕಿ ತಿರುವಿದರೆ ಕಟ್ಟಿಕೊಳ್ಳುತ್ತಿರುವ ಹರಳುಗಳು ಮುರಿಯುತ್ತವೆ. ಅಂಥ ಗಾರೆ ಒಣಗಿದ ಮೇಲೂ ಉಗುರಿಗೆ ಪುಡಿಯಾಗಿ ಬರುತ್ತದೆ. ಕೈಯಲ್ಲೇ ತಿದ್ದುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಾದರೆ ನೀರಿಗೆ ಸ್ವಲ್ಪ ಮರವಜ್ರ ಬೆರೆಸುತ್ತಿದ್ದರು. ಪ್ರಾಣಿಜನ್ಯ ಅಂಟು ಹರಳು ಕಟ್ಟುವುದನ್ನು ತಡಮಾಡುತ್ತದೆ. ನೀರು ಎಷ್ಟು ಹೆಚ್ಚೋ ಗಾರೆ ಅಷ್ಟು ಸಡಿಲ. ರಾಸಾಯನಿಕವಾಗಿ ಪುಡಿಗೆ ಬೇಕಾದ್ದು ತನ್ನ ತೂಕದ ಐದನೇ ಒಂದು ಪಾಲಿಗಿಂತಲೂ ಕಡಿಮೆ ನೀರು. ಮಿಕ್ಕದ್ದೆಲ್ಲ ಆವಿಯಾಗಿ ಹೋಗುವಾಗ ರಂಧ್ರಗಳನ್ನು ಬಿಟ್ಟು ಹೋಗುತ್ತದೆ.

ಗೋಡೆ ಮತ್ತು ಚಾವಣಿ ಸೇರುವಲ್ಲಿ ಉದ್ದಕ್ಕೂ ಓಡುವ ಕಾರ್ನಿಸ್ ಪಟ್ಟಿಗಳಿಗೆ ಅಚ್ಚು ಬೇಕಿಲ್ಲ. ಬೇಕಾದ ಆಕಾರವನ್ನು ಸತುವಿನ ತಗಡಿನಲ್ಲಿ ಕತ್ತರಿಸಿ, ಮರದ ಚೌಕಟ್ಟಿಗೆ ಹೊಡೆದು, ಗೋಡೆಗೆ ಕಟ್ಟಿದ ಹಲಗೆಯ ಹಳಿಯ ಮೇಲೆ ಅದನ್ನು ಎಳೆಯುತ್ತಾರೆ. ಮುಂದೆ ಗಾರೆ ಬಳಿಯುತ್ತ ಹೋದಂತೆ ಹಿಂದೆ ತಗಡು ಅದನ್ನು ಹೆರೆಯುತ್ತ ಬರುತ್ತದೆ. ಹತ್ತಾರು ಸಲ ಎಳೆದ ಮೇಲೆ ಪಟ್ಟಿ ನುಣುಪಾಗುತ್ತದೆ. ಇದಕ್ಕೆ ಸುಣ್ಣದ ತಿಳಿ ಮತ್ತು ಜಿಪ್ಸಮ್ ಎರಡನ್ನೂ ಬೆರೆಸುತ್ತಾರೆ. ಸುಣ್ಣ ನುಣುಪು ಕೊಡುತ್ತದೆ, ಜಿಪ್ಸಮ್ ಬೇಗ ಹಿಡಿದು ನಿಲ್ಲಿಸುತ್ತದೆ.

ಮತ್ತೆ ಮತ್ತೆ ಬರುವ ಹೂ, ಬಳ್ಳಿ, ನಕ್ಷತ್ರದ ಫಲಕಗಳು ಎರಕದವು. ಜೇಡಿಮಣ್ಣಿನಲ್ಲಿ ಒಂದು ಮೂಲ ಮಾದರಿ, ಅದರ ಮೇಲೆ ಅಚ್ಚು, ಅಚ್ಚಿನಿಂದ ಎಷ್ಟು ಬೇಕೋ ಅಷ್ಟು ಪ್ರತಿ. ಎಲೆಯ ಅಡಿಗೆ ಒಳಸರಿದ ಭಾಗಗಳಿದ್ದರೆ ಗಟ್ಟಿ ಅಚ್ಚು ಕಳಚಿ ಬರುವುದಿಲ್ಲ. ಅಂಥಲ್ಲಿ ಹಲವು ತುಂಡುಗಳ ಅಚ್ಚು ಬೇಕು. 19ನೇ ಶತಮಾನದಲ್ಲಿ ಬಗ್ಗುವ ಜೆಲಾಟಿನ್ ಅಚ್ಚು ಬಳಕೆಗೆ ಬಂದು ಈ ಕಷ್ಟ ಕಡಿಮೆಯಾಯಿತು. ಆದರೆ ಗಾರೆ ಬಿಸಿಯಾಗುತ್ತದಲ್ಲ, ಆ ಬಿಸಿಗೆ ಜೆಲಾಟಿನ್ ಮೆತ್ತಗಾಗಿ ಕೆಲವೇ ಎರಕಗಳಲ್ಲಿ ಅಂಚುಗಳು ಮೊಂಡಾಗುತ್ತವೆ. ಹಳೆಯ ಕೋಣೆಯೊಂದರಲ್ಲಿ ಒಂದೇ ಹೂವಿನ ಸಾಲಿನಲ್ಲಿ ಕೆಲವು ಚೂಪಾಗಿ, ಕೆಲವು ಸವೆದಂತೆ ಕಂಡರೆ ಕಾರಣ ಇದೂ ಇರಬಹುದು. ಎರಕದ ಬೆನ್ನಿಗೆ ಸೆಣಬಿನ ನಾರನ್ನು ಗಾರೆಯಲ್ಲಿ ಅದ್ದಿ ಹಾಸುತ್ತಾರೆ. ಫಲಕ ಬಿರುಕು ಬಿಟ್ಟರೂ ತುಂಡು ಕೆಳಗೆ ಬೀಳದಂತೆ ಹಿಡಿಯುವುದು ಆ ನಾರು. ಪೋರ್ಚುಗಲ್‌ನಲ್ಲಿ ಈ ಕೆಲಸಕ್ಕೆ ವಿಯಾನಾ ದೊ ಕಾಸ್ತೆಲೊ ಪಕ್ಕದ ಆಫೀಫೆ ಎಂಬ ಊರು ಹೆಸರುವಾಸಿ. ಅಲ್ಲಿನ ಗಾರೆ ಕುಶಲಕರ್ಮಿಗಳು ದೇಶದ ಉದ್ದಗಲಕ್ಕೂ ಹೋಗಿ ದುಡಿದವರು.

ಇನ್ನು ಬಣ್ಣದ ಮಾತು. ಪೇನಾದ ಅರಬ್ ಕೋಣೆಗೆ ಕಾಲಿಟ್ಟರೆ ಕಂಬ, ಕಮಾನು, ಗೂಡುಗಳೆಲ್ಲ ಆಳವಾಗಿ ಚಾಚಿಕೊಂಡಂತೆ ಕಾಣುತ್ತವೆ. ಅದು ಪಾಓಲೊ ಪಿಝ್ಝಿ 1854ರಲ್ಲಿ ಬರೆದ ಗೋಡೆ ಚಿತ್ರ. ಗುರುತು ಹಿಡಿಯುವ ಬಗೆ ಸುಲಭ: ಒಂದು ಅಂಚಿನ ಮೇಲೆ ಕಣ್ಣಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಿಜವಾದ ಉಬ್ಬಾದರೆ ಹಿಂದಿನ ಭಾಗ ಮರೆಯಾಗುತ್ತದೆ ಅಥವಾ ತೆರೆದುಕೊಳ್ಳುತ್ತದೆ. ಚಿತ್ರವಾದರೆ ಇಡೀ ದೃಶ್ಯ ಹಾಗೆಯೇ ಓರೆಯಾಗುತ್ತದೆ. ನೆರಳನ್ನೂ ನೋಡಿ. ಚಿತ್ರಕಾರ ನೆರಳನ್ನು ಒಂದೇ ದಿಕ್ಕಿನ ಬೆಳಕಿಗೆ ಬರೆದಿರುತ್ತಾನೆ, ಬಿಸಿಲು ಸರಿದರೂ ಆ ನೆರಳು ಸರಿಯುವುದಿಲ್ಲ.

ಅಮೃತಶಿಲೆಯಂತೆ ಹೊಳೆಯುವ ಕಂಬಗಳಿಗೆ ಬೇರೆ ಪರೀಕ್ಷೆ ಇದೆ. ಜಿಪ್ಸಮ್, ಮರವಜ್ರ, ಬಣ್ಣದ ಪುಡಿ ನಾದಿ ಕಣಕದಂತೆ ಮಾಡಿ, ಬೇರೆ ಬೇರೆ ಬಣ್ಣದ ಉಂಡೆಗಳನ್ನು ಒತ್ತಿ ಸೇರಿಸಿ, ಕೊಯ್ದು, ಅಂಟಿಸಿ, ಉಜ್ಜಿ ಹೊಳಪು ಕೊಡುವ ಈ ವಿದ್ಯೆಯನ್ನು ಪೋರ್ಚುಗೀಸರು ಎಸ್ಕಾಯೋಲ ಎನ್ನುತ್ತಾರೆ. ಕಲ್ಲಿನ ಫಲಕಗಳಲ್ಲಿ ಬೆಸುಗೆ ಗೆರೆ ಇರಲೇಬೇಕು, ಅಲ್ಲಿಗೆ ಬಂದ ನರ, ಅಂದರೆ ಕಲ್ಲಿನೊಳಗಿನ ಬಣ್ಣದ ಎಳೆ, ಥಟ್ಟನೆ ತುಂಡಾಗುತ್ತದೆ. ಎಸ್ಕಾಯೋಲದಲ್ಲಿ ಬೆಸುಗೆ ಇಲ್ಲದೆ ನರ ಹರಿದುಕೊಂಡು ಹೋಗುತ್ತದೆ. ಮುಟ್ಟಿದರೆ ಅಮೃತಶಿಲೆಯಷ್ಟು ತಣ್ಣಗಿರುವುದಿಲ್ಲ, ಆದರೆ ದಯವಿಟ್ಟು ಮುಟ್ಟಬೇಡಿ. ಕೈಯ ಎಣ್ಣೆ ಒಮ್ಮೆ ಹಿಡಿದರೆ ತೆಗೆಯುವುದು ಕಷ್ಟ.

ಚಿನ್ನದ ಕೆಲಸ ನೋಡಬೇಕಾದರೆ ಪೋರ್ತೊ ನಗರದ ಬೋಲ್ಸಾ ಅರಮನೆಗೆ ಹೋಗಬೇಕು. ಹೆಸರಿಗೆ ಅರಮನೆ, ಕಟ್ಟಿಸಿದ್ದು ವರ್ತಕರ ಸಂಘ. 1862ರಿಂದ 1880ರವರೆಗೆ ನಡೆದ ಅಲ್ಲಿನ ಅರಬ್ ಸಭಾಂಗಣದ ಗಾರೆ ಕೆಲಸಕ್ಕೆ 18 ಕೆಜಿ ಚಿನ್ನ ಹಿಡಿಯಿತು ಎನ್ನುತ್ತಾರೆ. ಗಾರೆ ರಂಧ್ರಮಯವಾದ್ದರಿಂದ ಚಿನ್ನದ ರೇಕನ್ನು ನೇರ ಹಚ್ಚುವಂತಿಲ್ಲ. ಮೊದಲು ಮೈ ಮುಚ್ಚುವ ಲೇಪ, ಆಮೇಲೆ ಅಂಟು, ಅದು ಬೆರಳಿಗೆ ಹಿಡಿದೂ ಹಿಡಿಯದ ಹದಕ್ಕೆ ಬಂದಾಗ ರೇಕು. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೊ ಎಂಬ ಲೇಪದ ಉಬ್ಬಿನ ಮೇಲೆ ರೇಕು ಕೂರಿಸುವವರಿಗೆ ಈ ಹದ ಚೆನ್ನಾಗಿ ಗೊತ್ತು.

ಸಿಂತ್ರಾದಲ್ಲೇ ಇರುವ ಮೊನ್ಸೆರಾತ್ ಅರಮನೆಯಲ್ಲಿ ನಮ್ಮ ಕಡೆಯದೂ ಒಂದಿದೆ. ಇಂಗ್ಲಿಷ್ ಬಟ್ಟೆ ವ್ಯಾಪಾರಿ ಫ್ರಾನ್ಸಿಸ್ ಕುಕ್ ಅದರ ಒಳಗೆ ದೆಹಲಿಯಿಂದ ತರಿಸಿದ ಜಾಲಂಧ್ರ ಫಲಕಗಳನ್ನು ಕೂರಿಸಿದ. ಉದ್ಯಾನದಲ್ಲಿರುವ ಭಾರತದ ಕಮಾನು 1857ರ ದಂಗೆಯ ನಂತರ ಗವರ್ನರ್ ಜನರಲ್ ಕ್ಯಾನಿಂಗ್ ಮೂಲಕ ಅವನ ಕೈ ಸೇರಿದ್ದು. ಅದು ಹೇಗೆ ಹೊರಟಿತು ಎಂಬುದನ್ನು ನೆನೆದರೆ ನನಗೆ ನೋವಾಗುತ್ತದೆ. ಒಳಗೆ ಮಾತ್ರ ಕಣ್ಣಿಗೆ ಒಳ್ಳೆಯ ಪಾಠವಿದೆ. ದೆಹಲಿಯ ಫಲಕದಲ್ಲಿ ಉಳಿ ನಡೆದ ಕಡೆ ಎರಡು ತೂತು ಒಂದೇ ಸಮ ಇರುವುದಿಲ್ಲ. ಸುತ್ತಲಿನ ಎರಕದ ಗಾರೆಯಲ್ಲಿ ಅದೇ ಎಲೆ, ಅದೇ ತಿರುವು, ಅದೇ ಸಣ್ಣ ಊನ ಕೂಡ ಮರಳಿ ಮರಳಿ ಬರುತ್ತದೆ. ಕೆತ್ತಿದ್ದೋ ಎರೆದದ್ದೋ ಎಂಬ ಅನುಮಾನ ಬಂದಾಗೆಲ್ಲ ಒಂದು ಊನವನ್ನು ಹುಡುಕಿ, ಅದು ಪಕ್ಕದ ಫಲಕದಲ್ಲೂ ಇದೆಯೇ ನೋಡಿ.

ಕೆಡುವುದು ಹೇಗೆ ಎಂಬುದೂ ಪ್ರಶ್ನೆಯ ಭಾಗವೇ, ಯಾಕೆಂದರೆ ಕೆಟ್ಟ ಜಾಗದಲ್ಲೇ ಗಾರೆಯ ಒಡಲು ಕಾಣುತ್ತದೆ. ಸಿಂತ್ರಾ ಬೆಟ್ಟಕ್ಕೆ ಅಟ್ಲಾಂಟಿಕ್‌ನ ಮಂಜು ಬಂದು ಕವಿಯುತ್ತದೆ, ಗೋಡೆಗಳು ಸದಾ ತೇವ. ಚಾವಣಿಯಲ್ಲಿ ಗಾರೆ ನಿಂತಿರುವುದು ನಡುವೆ ಸಂದು ಬಿಟ್ಟು ಹೊಡೆದ ಮರದ ರೀಪುಗಳ ಮೇಲೆ. ಹಸಿಗಾರೆ ಆ ಸಂದಿನಿಂದ ಮೇಲೆ ಹೋಗಿ ಕೊಕ್ಕೆಯಂತೆ ಬಾಗಿ ಗಟ್ಟಿಯಾಗುತ್ತದೆ, ಇಡೀ ಚಾವಣಿ ಆ ಕೊಕ್ಕೆಗಳಲ್ಲಿ ನೇತಾಡುತ್ತದೆ. ಸೂರು ಸೋರಿ ರೀಪು ಕೊಳೆತರೆ, ಮೇಲೆ ಓಡಾಟದ ಅದುರು ಹೆಚ್ಚಾದರೆ ಕೊಕ್ಕೆಗಳು ಮುರಿಯುತ್ತವೆ. ಮೊದಲ ಗುರುತು ಬಿರುಕಲ್ಲ, ಸಣ್ಣ ಜೋಲು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಡೊಳ್ಳು ಸದ್ದು ಬರುತ್ತದೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಊದಿಕೊಂಡರೆ ಅದರ ತಲೆಯ ಮೇಲಿನ ಗಾರೆ ದುಂಡಗೆ ಚಕ್ಕೆಯೆದ್ದು ಕಂದು ಕಲೆ ಕಾಣುತ್ತದೆ. ಗೋಡೆಯ ಲವಣ ನೀರಿನೊಡನೆ ಹೊರಗೆ ಬಂದು ಬಣ್ಣದ ಅಡಿಯಲ್ಲಿ ಹರಳುಗಟ್ಟಿದರೆ ಚಿತ್ರ ಪುಡಿಯಾಗಿ ಉದುರುತ್ತದೆ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಬಿರುಕಿಗೆ ಸಿಮೆಂಟ್ ತುಂಬುವುದು ಮೊದಲನೆಯದು. ಸಿಮೆಂಟು, ಜಿಪ್ಸಮ್ಮು, ತೇವ ಮೂರೂ ಸೇರಿದರೆ ಎಟ್ರಿಂಜೈಟ್ ಎಂಬ ಹರಳು ಬೆಳೆದು ಉಬ್ಬುತ್ತದೆ, ತೇಪೆ ತಾನೂ ಉದುರಿ ಸುತ್ತಲಿನ ಹಳೆಯ ಗಾರೆಯನ್ನೂ ಒಡೆಯುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಳಿಯುವುದು ಎರಡನೆಯದು. ಅದು ಒಳಗಿನ ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ. ಸರಿಯಾದ ಕ್ರಮದಲ್ಲಿ ಮೊದಲು ಸೋರಿಕೆ ನಿಲ್ಲಿಸಿ, ಗೋಡೆ ಪೂರ್ತಿ ಒಣಗುವವರೆಗೆ ಕಾದು, ಜಿಪ್ಸಮ್ಮಿಗೆ ಜಿಪ್ಸಮ್ಮನ್ನೇ, ಸುಣ್ಣಕ್ಕೆ ಸುಣ್ಣವನ್ನೇ ಕೊಡುತ್ತಾರೆ. ಧೂಳು ತೆಗೆಯುವುದೂ ಒಣ ಕುಂಚ, ಒಣ ಸ್ಪಂಜಿನಿಂದಲೇ.

ಪೇನಾಕ್ಕೆ ಹೋದರೆ ಹಳೆಯ ಮಠದ ಪ್ರಾರ್ಥನಾ ಮಂದಿರವನ್ನು ಬಿಡಬೇಡಿ. ಅಲ್ಲಿನ ಬಲಿಪೀಠದ ಹಿಂದಿರುವ ಶಿಲ್ಪಫಲಕ ಅರಮನೆಗಿಂತ ಮುನ್ನೂರು ವರ್ಷ ಹಳೆಯದು. ಶಿಲ್ಪಿ ನಿಕೊಲಾವ್ ಶಾಂತರೆನ್ 1529ರಿಂದ 1532ರ ನಡುವೆ ಅಲಬಾಸ್ಟರ್ ಕಲ್ಲಿನಲ್ಲಿ ಉಳಿ ಹಿಡಿದು ಕೆತ್ತಿದ್ದು. ಅಲಬಾಸ್ಟರ್ ಎಂದರೆ ಭೂಮಿಯೊಳಗೆ ತಾನಾಗಿ ಹರಳುಗಟ್ಟಿದ ಜಿಪ್ಸಮ್. ಪಕ್ಕದ ಕೋಣೆಗಳಲ್ಲಿ ಸುಟ್ಟು, ಪುಡಿಮಾಡಿ, ನೀರಲ್ಲಿ ಕಲೆಸಿ ಎರೆದದ್ದೂ ಅದೇ ಖನಿಜ. ಕಲ್ಲಿನ ತೆಳುವಾದ ಅಂಚುಗಳ ಮೇಲೆ ಕಿಟಕಿಯ ಬೆಳಕು ಬಿದ್ದಾಗ ಹತ್ತಿರ ಹೋಗಿ ನೋಡಿ. ಬೆಳಕು ಮೈಯೊಳಕ್ಕೆ ಸ್ವಲ್ಪ ಇಳಿದು ಜೇನುಮೇಣದಂತೆ ಬೆಳಗುತ್ತದೆ. ಗಾರೆಯಲ್ಲಿ ಅದು ಮೇಲ್ಮೈಗೇ ನಿಲ್ಲುತ್ತದೆ.