ಪದ ಪರಿಚಯ: ಅಣಕು ಸಾಕ್ಷ್ಯಚಿತ್ರ

ಚುನಾವಣೆಯ ಕೆಲಸಕ್ಕೆ ಹೋಗಿಬಂದವರಿಗೆಲ್ಲ ‘ಅಣಕು ಮತದಾನ’ ಎಂಬ ಮಾತು ಪರಿಚಿತ. ಮತದಾನ ಬೆಳಿಗ್ಗೆ 7 ಗಂಟೆಗೆ ಆರಂಭವಾಗುವುದಿದ್ದರೆ ಅದಕ್ಕೂ ಒಂದೂವರೆ ಗಂಟೆ ಮೊದಲೇ ಪಕ್ಷಗಳ ಏಜೆಂಟರನ್ನು ಎದುರಿಗೆ ಕೂರಿಸಿಕೊಂಡು, ಯಂತ್ರದಲ್ಲಿ ಕನಿಷ್ಠ 50 ಮತಗಳನ್ನು ಒತ್ತಿಸಿ, ಎಣಿಸಿ, ತಾಳೆ ನೋಡಿ, ಆಮೇಲೆ ಎಲ್ಲವನ್ನೂ ಅಳಿಸಿ ಯಂತ್ರಕ್ಕೆ ಮುದ್ರೆ ಹಾಕಬೇಕಾಗುತ್ತದೆ. ಚಿಂಚೋಳಿ ತಾಲೂಕಿನ ಒಂದು ಶಾಲೆಯ ಕೋಣೆಯಲ್ಲಿ ಹೀಗೆ ಅಣಕು ಮತದಾನ ನಡೆಸಿದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಹಾಕುತ್ತಿರುವ ಮತ ನಿಜವಾದದ್ದಲ್ಲವೆಂದು ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಆದರೂ ಯಾರೂ ನಗಲಿಲ್ಲ. ಒಂದೊಂದು ಮತವನ್ನೂ ನಿಜವಾದ ಮತದಷ್ಟೇ ಗಂಭೀರವಾಗಿ ಒತ್ತಿದರು. ಅದೇ ಮಧ್ಯಾಹ್ನ ಶಾಲೆಯ ಕಾಂಪೌಂಡಿನ ಆಚೆ ಒಬ್ಬ ಹುಡುಗ ನಮ್ಮ ಮೇಲಧಿಕಾರಿಗಳ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಅವನ ಸುತ್ತ ನೆರೆದಿದ್ದ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಒಂದೇ ದಿನ, ಒಂದೇ ಆವರಣದಲ್ಲಿ, ‘ಅಣಕು’ ಎಂಬ ಒಂದೇ ಪದದ ಎರಡು ಅರ್ಥಗಳನ್ನು ನಾನು ಹೀಗೆ ಕಂಡೆ. ಮೊದಲನೆಯದು ನಿಜದ ರೂಪವನ್ನು ಒಂದಿಷ್ಟೂ ಮುಕ್ಕಾಗದಂತೆ ಇನ್ನೊಮ್ಮೆ ನಡೆಸುವುದು. ಅಗ್ನಿಶಾಮಕ ದಳದವರು ಬಸ್ ನಿಲ್ದಾಣದಲ್ಲಿ ಮಾಡುವ ಅಣಕು ಪ್ರದರ್ಶನ, ಕಾಲೇಜುಗಳ ಅಣಕು ಸಂಸತ್ತು ಈ ಜಾತಿಯವು. ಎರಡನೆಯದು ಕೀಟಲೆ, ಲೇವಡಿ. ಕಟ್ಟುಕತೆಯನ್ನು ಸಾಕ್ಷ್ಯಚಿತ್ರದ ರೂಪದಲ್ಲಿ ತೋರಿಸುವ ಸಿನಿಮಾಕ್ಕೆ ಇಂಗ್ಲಿಷಿನಲ್ಲಿರುವ ‘ಮಾಕ್ಯುಮೆಂಟರಿ’ ಎಂಬ ಪದಕ್ಕೆ ಕನ್ನಡದಲ್ಲಿ ‘ಅಣಕು ಸಾಕ್ಷ್ಯಚಿತ್ರ’ ಎಂದು ಹೇಳುವಾಗ ಈ ಎರಡು ಅರ್ಥಗಳೂ ನಮಗೆ ಬೇಕಾಗುತ್ತವೆ. ಆ ಬಗೆಯ ಸಿನಿಮಾದ ಸೊಗಸೆಲ್ಲ ಇರುವುದು ಮೊದಲನೆಯ ಅರ್ಥದಲ್ಲಿಯೇ ಎಂಬುದು ನನ್ನ ತಿಳಿವಳಿಕೆ.

ಪದದ ಇನ್ನೊಂದು ಭಾಗವನ್ನೂ ಬಿಡಿಸಿ ನೋಡಬೇಕು. ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಎಂಬ ಪದದ ಬೇರು ದಾಖಲೆಯಲ್ಲಿದೆ, ಕಾಗದಪತ್ರದಲ್ಲಿದೆ. ಕನ್ನಡ ಆರಿಸಿಕೊಂಡದ್ದು ಸಾಕ್ಷಿಯನ್ನು, ಎಂದರೆ ಕಣ್ಣಾರೆ ಕಂಡು ಹೇಳುವವನನ್ನು. ಈ ಆಯ್ಕೆ ನಮ್ಮ ವಿಷಯಕ್ಕೆ ಬಹಳ ಹೊಂದುತ್ತದೆ. ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾ ಸಾಕ್ಷಿಯಾಗಿ ನಿಲ್ಲುತ್ತದೆ; ನಡೆದದ್ದನ್ನು ನೋಡುತ್ತದೆ, ತಾನು ಬಾಯಿ ಹಾಕುವುದಿಲ್ಲ. ಅಣಕು ಸಾಕ್ಷ್ಯಚಿತ್ರದಲ್ಲಿ ನಡೆದದ್ದೆಲ್ಲ ಕಟ್ಟಿದ ಕತೆ, ಮಾತನಾಡುವವರೆಲ್ಲ ನಟರು, ಆದರೆ ಕ್ಯಾಮೆರಾ ಮಾತ್ರ ಸಾಕ್ಷಿಯ ಜಾಗದಿಂದ ಕದಲುವುದಿಲ್ಲ. ಅಲುಗಾಡುವ ಚೌಕಟ್ಟು, ಮುಖಕ್ಕೆ ಸರಿಯಾಗಿ ಬೀಳದ ಬೆಳಕು, ಮಾತು ಮುಗಿದ ಮೇಲೂ ಉಳಿದುಕೊಳ್ಳುವ ಮೌನ, ಸೋಫಾದ ಮೇಲೆ ಕೂರಿಸಿ ಮಾಡುವ ಸಂದರ್ಶನ, ಹಳೆಯ ಫೋಟೊ, ಹಳೆಯ ಟಿ.ವಿ. ತುಣುಕು, ಇವೆಲ್ಲವೂ ನಿಜವಾದ ಸಾಕ್ಷ್ಯಚಿತ್ರದಲ್ಲಿ ಇರುವಂತೆಯೇ ಇರುತ್ತವೆ.

ಇದು ರುಚಿಸಬೇಕಾದರೆ ನೋಡುವವರಿಗೆ ಮೂಲರೂಪದ ಪರಿಚಯವಿರಬೇಕು. ಅಣಕವಾಡನ್ನು ಕೇಳಿ ನಗಲು ಮೂಲ ಹಾಡು ಗೊತ್ತಿರಬೇಕಾದಂತೆಯೇ ಇದು. ನಮ್ಮ ಭಾಗದ ಹಿರಿಯರಿಗೆ ಆ ಪರಿಚಯ ಟಾಕೀಸಿನಲ್ಲಿಯೇ ಆಗಿದೆ. 1948ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸುತ್ತಿದ್ದ ವಾರ್ತಾಚಿತ್ರ, ಸಾಕ್ಷ್ಯಚಿತ್ರಗಳನ್ನು ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದರು. ಅಣೆಕಟ್ಟು, ನೆರೆ, ಕುಟುಂಬ ಯೋಜನೆ, ಏನೇ ಇದ್ದರೂ ಒಂದೇ ತೂಕದ ಧ್ವನಿ, ಒಂದೇ ನಿಧಾನ. ಆ ಧ್ವನಿ ಹೇಳಿದ್ದು ಸುಳ್ಳಿರಲಾರದು ಎಂಬ ನಂಬಿಕೆ ಪ್ರೇಕ್ಷಕರಲ್ಲಿ ತಾನಾಗಿ ಬೇರೂರಿತ್ತು. ಅಂಥ ನಂಬಿಕೆ ಎಷ್ಟು ಗಟ್ಟಿಯಾದದ್ದು ಎನ್ನುವುದಕ್ಕೆ ಹಳೆಯ ಉದಾಹರಣೆಯೊಂದಿದೆ. 1957ರ ಏಪ್ರಿಲ್ 1ರಂದು ಬಿ.ಬಿ.ಸಿ.ಯ ‘ಪನೋರಮಾ’ ಕಾರ್ಯಕ್ರಮದಲ್ಲಿ ಸ್ವಿಟ್ಜರ್ಲೆಂಡಿನ ರೈತ ಕುಟುಂಬವೊಂದು, ಹಿಟ್ಟಿನಿಂದ ಮಾಡುವ ಶಾವಿಗೆಯಂಥ ಸ್ಪಗೆಟ್ಟಿಯನ್ನು ಮರದಿಂದ ಕೊಯ್ಯುವ ವರದಿ ಪ್ರಸಾರವಾಯಿತು. ಜನರ ಗೌರವ ಗಳಿಸಿದ್ದ ನಿರೂಪಕ ರಿಚರ್ಡ್ ಡಿಂಬಲ್‌ಬಿ ಅದಕ್ಕೆ ಧ್ವನಿ ಕೊಟ್ಟಿದ್ದರು. ಆ ಮರವನ್ನು ಬೆಳೆಸುವುದು ಹೇಗೆಂದು ಕೇಳಿ ವೀಕ್ಷಕರು ಬಿ.ಬಿ.ಸಿ.ಗೆ ಫೋನ್ ಮಾಡಿದರು.

ಸ್ಪಗೆಟ್ಟಿಯದು ಒಂದು ದಿನದ ತಮಾಷೆ. ಅದೇ ಉಪಾಯವನ್ನು ಪೂರ್ತಿ ಸಿನಿಮಾದ ಉದ್ದಕ್ಕೆ ಹಿಗ್ಗಿಸಿ, ಪಾತ್ರಗಳಿಗೆ ಜೀವ ಕೊಟ್ಟು ನಿಲ್ಲಿಸಿದ ಕೃತಿಗಳಲ್ಲಿ ಎಲ್ಲರೂ ಮೊದಲು ಹೆಸರಿಸುವುದು 1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಅಮೆರಿಕನ್ ಚಿತ್ರವನ್ನು. ರಾಬ್ ರೈನರ್ ನಿರ್ದೇಶಿಸಿದ ಮೊದಲ ಚಿತ್ರವದು. ಸ್ಪೈನಲ್ ಟ್ಯಾಪ್ ಎಂಬುದು ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಬ್ರಿಟನ್ನಿನ ಒಂದು ತಂಡ; ಅದರ ಒಳ್ಳೆಯ ದಿನಗಳು ಮುಗಿಯುತ್ತ ಬಂದಿವೆ; ಹೊಸ ಆಲ್ಬಮ್ ಮಾರಲು ಅಮೆರಿಕದ ಪ್ರವಾಸಕ್ಕೆ ಹೊರಟಿದೆ; ಅದರ ಹಿಂದೆ ಒಬ್ಬ ಸಾಕ್ಷ್ಯಚಿತ್ರಕಾರ ಕ್ಯಾಮೆರಾ ಹಿಡಿದು ನಡೆದಿದ್ದಾನೆ. ಆ ಸಾಕ್ಷ್ಯಚಿತ್ರಕಾರನ ಪಾತ್ರವನ್ನೂ ರೈನರ್ ಅವರೇ ಮಾಡಿದ್ದಾರೆ. ಕ್ರಿಸ್ಟೋಫರ್ ಗೆಸ್ಟ್, ಮೈಕಲ್ ಮೆಕೀನ್, ಹ್ಯಾರಿ ಶಿಯರರ್ ಎಂಬ ಮೂವರು ನಟರು ವಾದ್ಯಗಳನ್ನು ತಾವೇ ನುಡಿಸಿದರು, ಹಾಡುಗಳನ್ನು ತಾವೇ ಕಟ್ಟಿದರು, ಮಾತುಗಳಲ್ಲಿ ಹೆಚ್ಚಿನವನ್ನು ಕ್ಯಾಮೆರಾದ ಮುಂದೆ ಆಗಿಂದಾಗಲೇ ಹುಟ್ಟಿಸಿಕೊಂಡು ಆಡಿದರು. ಹತ್ತಾರು ಗಂಟೆ ಚಿತ್ರೀಕರಿಸಿದ್ದನ್ನು ಸುಮಾರು 82 ನಿಮಿಷಕ್ಕೆ ಇಳಿಸಲಾಯಿತು.

ಈ ಚಿತ್ರವನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡದ್ದು ಕಲಬುರಗಿಯ ಬ್ರಹ್ಮಪುರದ ನಮ್ಮ ಓಣಿಯ ಹಿರಿಯರೊಬ್ಬರ ಜೊತೆ ಕುಳಿತು ನೋಡಿದಾಗ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆರ್ಕೆಸ್ಟ್ರಾದಲ್ಲಿ ಕ್ಯಾಸಿಯೋ ಕೀಬೋರ್ಡ್ ನುಡಿಸಿದವರು. ಕಲಬುರಗಿ, ಬೀದರ, ಯಾದಗಿರಿಯ ಮದುವೆಗಳು, ಗಣಪತಿ ಮಂಡಳಿಗಳು, ಜಾತ್ರೆಗಳು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಲ್ಯಾಪ್‌ಟಾಪಿನಲ್ಲಿ ಚಿತ್ರ ಹಾಕಿ, ಮಾತುಗಳನ್ನು ಅಷ್ಟಷ್ಟೇ ಕನ್ನಡದಲ್ಲಿ ಹೇಳುತ್ತ ಕುಳಿತೆ. ಅರ್ಧ ತಾಸು ಅವರು ನಗಲೇ ಇಲ್ಲ. ಆಮೇಲೆ ಕೇಳಿದರು: “ಈ ಪಾರ್ಟಿ ಯಾ ಊರಿಂದು ತಮ್ಮಾ? ಈಗ್ಲೂ ಬಾರಸ್ತಾರೇನು?” ಚಿತ್ರ ಬಿಡುಗಡೆಯಾದ ಕಾಲದಲ್ಲಿ ಅಮೆರಿಕದ ಅನೇಕ ಪ್ರೇಕ್ಷಕರೂ ಇದನ್ನು ನಿಜವಾದ ತಂಡವೆಂದೇ ಭಾವಿಸಿದ್ದರು, ಯಾರಿಗೂ ಗೊತ್ತಿಲ್ಲದ ತಂಡದ ಮೇಲೆ ಇಷ್ಟು ಖರ್ಚು ಮಾಡಿ ಚಿತ್ರವನ್ನೇಕೆ ತೆಗೆದಿರಿ ಎಂದು ನಿರ್ದೇಶಕರನ್ನು ಕೇಳಿದವರಿದ್ದರು. ಛಾಯಾಗ್ರಾಹಕ ಪೀಟರ್ ಸ್ಮೋಕ್ಲರ್ ನಿಜವಾದ ಸಾಕ್ಷ್ಯಚಿತ್ರಗಳಲ್ಲಿ ದುಡಿದು ಬಂದವರಾಗಿದ್ದರಿಂದ ಕ್ಯಾಮೆರಾದ ಕಣ್ಣಿನಲ್ಲಿ ಎಲ್ಲಿಯೂ ಗುಟ್ಟು ಬಿಟ್ಟುಕೊಡುವ ಕೊಂಕಿಲ್ಲ.

ಇದೆಲ್ಲ ಕಟ್ಟಿದ್ದೆಂದು ನಾನು ಹೇಳಿದ ಮೇಲೆ ಕಾಕಾ ಮತ್ತೆ ಮೊದಲಿನಿಂದ ನೋಡಿದರು, ಈ ಸಲ ನಗುತ್ತ. ಚಿತ್ರದ ಅತ್ಯಂತ ಪ್ರಸಿದ್ಧ ದೃಶ್ಯದಲ್ಲಿ ಗಿಟಾರ್ ವಾದಕ ನೈಜೆಲ್ ತನ್ನ ಆಂಪ್ಲಿಫೈಯರನ್ನು ತೋರಿಸುತ್ತಾನೆ. ಎಲ್ಲರ ಆಂಪ್ಲಿಫೈಯರಿನ ಗುಂಡಿ 10ರವರೆಗೆ ಹೋದರೆ ಅವನದು 11ರವರೆಗೆ ಹೋಗುತ್ತದೆ. ಆದ್ದರಿಂದ ಅದು ಒಂದು ಹೆಚ್ಚು ಜೋರು ಎಂಬುದು ಅವನ ವಾದ. 10ರ ಸದ್ದನ್ನೇ ಹೆಚ್ಚು ಮಾಡಬಹುದಿತ್ತಲ್ಲ ಎಂದು ಸಾಕ್ಷ್ಯಚಿತ್ರಕಾರ ಕೇಳುತ್ತಾನೆ. ನೈಜೆಲ್ ಬಹಳ ಹೊತ್ತು ಯೋಚಿಸಿ, ಇದು 11ರವರೆಗೆ ಹೋಗುತ್ತದೆ ಎಂದು ಮೊದಲಿನ ಮಾತನ್ನೇ ಹೇಳುತ್ತಾನೆ. ನಗೆ ಇರುವುದು ಆ ‘ಬಹಳ ಹೊತ್ತಿ’ನಲ್ಲಿ. ಬೇರೆ ಹಾಸ್ಯಚಿತ್ರವಾಗಿದ್ದರೆ ಅಲ್ಲಿ ಸಂಗೀತ ಬರುತ್ತಿತ್ತು, ಇಲ್ಲವೇ ಇನ್ನೊಂದು ಪಾತ್ರ ಕಣ್ಣು ಮಿಟುಕಿಸುತ್ತಿತ್ತು. ಇಲ್ಲಿ ಕ್ಯಾಮೆರಾ ಸುಮ್ಮನೆ ಅವನ ಮುಖ ನೋಡುತ್ತದೆ. ಎಲ್ಲಿ ನಗಬೇಕೆಂದು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ನಗೆಯನ್ನು ಕಂಡುಹಿಡಿದ ಸಂತೋಷ ನೋಡುವವರ ಪಾಲಿಗೇ ಸೇರುತ್ತದೆ. ‘11ಕ್ಕೆ ಏರಿಸುವುದು’ ಎಂಬ ಈ ಮಾತು ಇಂಗ್ಲಿಷಿನ ನುಡಿಗಟ್ಟಾಗಿ ನಿಂತು, 2002ರಲ್ಲಿ ಆಕ್ಸ್‌ಫರ್ಡಿನ ಒಂದು ನಿಘಂಟಿಗೂ ಸೇರಿತು.

ಕಾಕಾ ಈ ದೃಶ್ಯ ನೋಡಿ ಒಂದು ಸಂಗತಿ ಹೇಳಿದರು. ಗಣಪತಿ ಮಂಡಳಿಯ ಹುಡುಗರು ವೇದಿಕೆಯ ಹತ್ತಿರ ಬಂದು “ಇನ್ನಾ ಜರಾ ಜೋರ್ ಮಾಡ್ರಿ” ಎಂದು ಪೀಡಿಸುತ್ತಿದ್ದರಂತೆ. ಬಾಕ್ಸುಗಳು ಮೊದಲೇ ಕಿರುಚುತ್ತಿರುತ್ತಿದ್ದವು, ಮಿಕ್ಸರಿನ ಕೆಂಪು ದೀಪ ಆರುತ್ತಲೇ ಇರುತ್ತಿರಲಿಲ್ಲ. ಮಿಕ್ಸರ್ ಮುಂದೆ ಕೂತವನು, ಯಾವ ವಾದ್ಯಕ್ಕೂ ಜೋಡಿಸದ ಒಂದು ಗುಂಡಿಯನ್ನು ಎಲ್ಲರಿಗೂ ಕಾಣುವಂತೆ ನಿಧಾನವಾಗಿ ತಿರುಗಿಸುತ್ತಿದ್ದ. “ಈಗ ಛಲೋ ಆತ್ ನೋಡ್ರಿ” ಎಂದು ಹುಡುಗರು ಸಮಾಧಾನದಿಂದ ಹೋಗಿ ಕುಣಿಯುತ್ತಿದ್ದರು. ಹಾಲಿವುಡ್ಡಿನ ನಟರು ಊಹಿಸಿ ಕಟ್ಟಿದ ದೃಶ್ಯಕ್ಕೆ ನಮ್ಮ ಓಣಿಯಲ್ಲೇ ಸಾಕ್ಷಿಯಿತ್ತು.

ಅಂದು ನಾವು ನೋಡುತ್ತ ಹೋದಂತೆ ಹೀಗೆ ಒಂದೊಂದಾಗಿ ತಾಳೆಯಾಗುತ್ತ ಬಂತು. ಕ್ಲೀವ್‌ಲ್ಯಾಂಡಿನ ಸಭಾಂಗಣದಲ್ಲಿ ತಂಡದವರು ವೇದಿಕೆಗೆ ಹೋಗುವ ದಾರಿ ತಪ್ಪಿ, ನೆಲಮಾಳಿಗೆಯ ಓಣಿಗಳಲ್ಲಿ ಸುತ್ತುವಾಗ, ಕಾಕಾ ತಾವು ಒಂದು ಫಂಕ್ಷನ್ ಹಾಲಿನಲ್ಲಿ ಹೆಗಲ ಮೇಲೆ ಕ್ಯಾಸಿಯೋ ಹೊತ್ತು, ಮಿರುಗುವ ಕೋಟು ತೊಟ್ಟು, ಬಾಗಿಲು ತೆರೆದು ನೇರವಾಗಿ ಅನ್ನದ ಕೊಪ್ಪರಿಗೆಗಳ ನಡುವೆ ಹೋಗಿ ನಿಂತದ್ದನ್ನು ನೆನೆದರು. ಅಡುಗೆಯವ ತಲೆ ಎತ್ತಿ “ಊಟ ಆಮ್ಯಾಲ ರೀ” ಎಂದನಂತೆ. ಸ್ಟೋನ್‌ಹೆಂಜ್ ದೃಶ್ಯವೂ ಹೀಗೆಯೇ. ಇಂಗ್ಲೆಂಡಿನ ಆ ಪುರಾತನ ಶಿಲಾವರ್ತುಲದ ಬೃಹತ್ ಕಲ್ಲುಕಮಾನಿನ ಪ್ರತಿರೂಪವನ್ನು ವೇದಿಕೆಗೆ ಇಳಿಸಬೇಕೆಂದು ನೈಜೆಲ್ ಕೈಯೊರೆಸುವ ಕಾಗದದ ಮೇಲೆ ನಕ್ಷೆ ಬರೆದು ಕೊಡುತ್ತಾನೆ. 18 ಅಡಿ ಎಂದು ಬರೆಯುವ ಬದಲು 18 ಅಂಗುಲ ಎಂದು ಗುರುತು ಹಾಕಿರುತ್ತಾನೆ. ಮಾಡಿದವರು ಬರೆದಷ್ಟೇ ಮಾಡಿಕೊಡುತ್ತಾರೆ. ಹೊಗೆ, ಬೆಳಕು, ಗಂಭೀರ ಗಾಯನದ ನಡುವೆ ಮೊಣಕಾಲೆತ್ತರದ ಕಲ್ಲುಕಮಾನು ಇಳಿದು ಬರುತ್ತದೆ. ಅಷ್ಟಾದರೂ ಹಾಡು ನಿಲ್ಲುವುದಿಲ್ಲ, ಹಾಡುವವರ ಗಾಂಭೀರ್ಯ ಕದಲುವುದಿಲ್ಲ.

ಕದಲದ ಈ ಗಾಂಭೀರ್ಯ ನಮ್ಮ ನಾಡಿಗೆ ಹೊಸದಲ್ಲ. ಹಗಲುವೇಷದವರನ್ನು ನೋಡಿದವರಿಗೆ ಅದು ಗೊತ್ತು. ಪೊಲೀಸಿನವನ ವೇಷ ಹಾಕಿದವನು ಅಂಗಡಿಯ ಮುಂದೆ ನಿಂತು ಲೈಸೆನ್ಸ್ ತೋರಿಸೆಂದು ಗದರಿಸುತ್ತಾನೆ. ಇವನು ವೇಷಗಾರನೆಂದು ಅಂಗಡಿಯವನಿಗೆ ಗೊತ್ತು, ಗೊತ್ತೆಂಬುದು ವೇಷಗಾರನಿಗೂ ಗೊತ್ತು. ಆದರೂ ಅವನು ನಗುವುದಿಲ್ಲ, ಒಂದು ಗುಂಡಿಯೂ ಸಡಿಲವಾಗುವುದಿಲ್ಲ. ವೇಷಗಾರ ನಕ್ಕುಬಿಟ್ಟರೆ ಅಲ್ಲಿಗೆ ಆಟ ಕೆಟ್ಟಿತು. ಅಣಕು ಸಾಕ್ಷ್ಯಚಿತ್ರದ ನಟನೂ ಇದೇ ನೇಮಕ್ಕೆ ಕಟ್ಟುಬಿದ್ದವನು: ತಾನು ನಗೆಪಾಟಲಾಗಿದ್ದೇನೆಂದು ಪಾತ್ರಕ್ಕೆ ಗೊತ್ತಾಗಕೂಡದು. ಸುಳ್ಳು ಸುದ್ದಿಗೂ ಇದಕ್ಕೂ ಇರುವ ಅಂತರವನ್ನೂ ಹಗಲುವೇಷದಿಂದಲೇ ತಿಳಿಯಬಹುದು. ಸುಳ್ಳು ಸುದ್ದಿಯವನು ನಾವು ಕೊನೆಯವರೆಗೂ ನಂಬಲೆಂದು ಬಯಸುತ್ತಾನೆ. ವೇಷಗಾರನು ನಾವು ಗುರುತು ಹಿಡಿಯಲೆಂದು, ಗುರುತು ಹಿಡಿದ ಮೇಲೂ ನೋಡುತ್ತ ನಿಲ್ಲಲೆಂದು ಬಯಸುತ್ತಾನೆ.

ಇನ್ನು ‘ಮಾಕ್ಯುಮೆಂಟರಿ’ ಎಂಬ ಹೆಸರಿನ ಬಗ್ಗೆಯೇ ಒಂದು ತಕರಾರಿದೆ, ಅದನ್ನು ಇಲ್ಲಿ ಹೇಳದಿದ್ದರೆ ಪದದ ಪರಿಚಯ ಅರ್ಧವಾಗುತ್ತದೆ. ನೈಜೆಲ್ ಪಾತ್ರ ಮಾಡಿದ ಕ್ರಿಸ್ಟೋಫರ್ ಗೆಸ್ಟ್ ಮುಂದೆ ತಾವೇ ನಿರ್ದೇಶಕರಾಗಿ ಇದೇ ಬಗೆಯ ಹಲವು ಚಿತ್ರಗಳನ್ನು ಮಾಡಿದರು, ಆದರೆ ಈ ಪದವನ್ನು ಅವರು ಒಪ್ಪುವುದಿಲ್ಲ. ಅದರಲ್ಲಿ ಲೇವಡಿಯ ಅರ್ಥವಿದೆ, ತಮ್ಮ ಉದ್ದೇಶ ಲೇವಡಿಯಲ್ಲ ಎಂಬುದು ಅವರ ಮಾತು. ಅವರ ಅಸಮಾಧಾನ ನ್ಯಾಯವಾದದ್ದೆಂದು ನನಗೆ ಅನ್ನಿಸುತ್ತದೆ. ಕನ್ನಡದ ‘ಅಣಕು’ ಅದಕ್ಕೆ ಇಂಗ್ಲಿಷಿಗಿಂತ ಒಳ್ಳೆಯ ಉತ್ತರ ಕೊಡುತ್ತದೆಂದೂ ಅನ್ನಿಸುತ್ತದೆ. ನಮ್ಮ ದಿನಪತ್ರಿಕೆಗಳಲ್ಲಿ ‘ಅಣಕು’ ಎಂದು ಅಚ್ಚಾದಾಗಲೆಲ್ಲ ಓದುಗರಿಗೆ ಮೊದಲು ಹೊಳೆಯುವುದು ಶ್ರದ್ಧೆಯಿಂದ ನಡೆಸಿದ ತಾಲೀಮೇ ಹೊರತು ಗೇಲಿಯಲ್ಲ. ಸ್ಪೈನಲ್ ಟ್ಯಾಪ್ ಅಂಥ ಶ್ರದ್ಧೆಯಿಂದ ಕಟ್ಟಿದ ತಂಡವಾದ್ದರಿಂದಲೇ ಸಿನಿಮಾದಿಂದ ಹೊರಗೂ ಬದುಕಿತು: 1992ರಲ್ಲಿ ಅದೇ ನಟರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅದೇ ತಂಡವಾಗಿ ನಿಜವಾದ ಕಛೇರಿ ಕೊಟ್ಟರು, 2007ರಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ಹವಾಮಾನ ಬದಲಾವಣೆಯ ಜಾಗೃತಿಗಾಗಿ ನಡೆದ ಲೈವ್ ಅರ್ಥ್ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ಇಲ್ಲದ ತಂಡದ ಹಾಡು ಕೇಳಲು ಇರುವ ಜನ ಟಿಕೆಟ್ ಕೊಂಡು ಬಂದರು.

ಗೇಲಿಯಷ್ಟೇ ಆಗಿದ್ದರೆ ಚಿತ್ರದ ಕೊನೆಯ ಭಾಗ ಹಾಗಿರುತ್ತಿರಲಿಲ್ಲ. ಹಾಡುಗಾರ ಡೇವಿಡ್ ಮತ್ತು ನೈಜೆಲ್ ಬಾಲ್ಯದ ಗೆಳೆಯರು. ಸೋಲು ಹೆಚ್ಚುತ್ತ ಹೋದಂತೆ, ಡೇವಿಡ್‌ನ ಪ್ರೇಯಸಿ ತಂಡದ ಆಡಳಿತಕ್ಕೆ ಕೈ ಹಾಕಿದಂತೆ, ಅವರ ನಡುವೆ ಬಿರುಕು ಬೀಳುತ್ತದೆ. ಒಂದು ವಾಯುನೆಲೆಯಲ್ಲಿ ಕಾರ್ಯಕ್ರಮ ನಡೆದಿರುವಾಗ ನೈಜೆಲ್‌ನ ಗಿಟಾರಿನ ವೈರ್‌ಲೆಸ್ಸಿನಲ್ಲಿ ವಿಮಾನಗಳ ರೇಡಿಯೋ ಮಾತು ಕೇಳಿಬರತೊಡಗುತ್ತದೆ. ಅವನು ಸಿಟ್ಟಿನಿಂದ ವೇದಿಕೆ ಬಿಟ್ಟು ಹೊರಟುಹೋಗುತ್ತಾನೆ. ಅವನಿಲ್ಲದ ತಂಡ ಒಂದು ಉದ್ಯಾನದಲ್ಲಿ ಗೊಂಬೆಯಾಟದ ಜೊತೆ ಹೆಸರು ಹಂಚಿಕೊಂಡು ಹಾಡುವ ಸ್ಥಿತಿಗೆ ಇಳಿಯುತ್ತದೆ.

ಇಲ್ಲಿಗೆ ಬಂದಾಗ ಕಾಕಾ ನಗುವುದನ್ನು ನಿಲ್ಲಿಸಿದ್ದರು. “ಅಂವ ಬರ್ತಾನ ನೋಡು” ಎಂದರು. ಪ್ರವಾಸದ ಕೊನೆಯ ಕಾರ್ಯಕ್ರಮಕ್ಕೆ ಮುನ್ನ ನೈಜೆಲ್ ಬಂದ; ತಮ್ಮ ಒಂದು ಹಾಡು ಜಪಾನಿನಲ್ಲಿ ಜನಪ್ರಿಯವಾಗಿದೆ ಎಂಬ ಸುದ್ದಿ ತಿಳಿಸುವ ನೆವ ಮಾಡಿಕೊಂಡು, ಪರಕೀಯನಂತೆ ಬಾಗಿಲ ಬಳಿ ನಿಂತ. ಡೇವಿಡ್ ಬಿಗಿದ ಮುಖದಲ್ಲಿಯೇ ವೇದಿಕೆಗೆ ಹೋದ. ಹಾಡಿನ ನಡುವೆ ತಿರುಗಿ ಪಕ್ಕಕ್ಕೆ ನೋಡಿದ, ಬಾ ಎಂದು ಕರೆದ. ನೈಜೆಲ್ ಗಿಟಾರ್ ಹಿಡಿದು ವೇದಿಕೆಗೆ ಬಂದ, ಜನ ಕೂಗಿದರು. ಕ್ಯಾಮೆರಾ ಇಲ್ಲಿಯೂ ಏನೂ ಹೇಳುವುದಿಲ್ಲ. 11ರ ಗುಂಡಿಯನ್ನು ನೋಡಿದ ಕಣ್ಣಿನಿಂದಲೇ ಇದನ್ನೂ ನೋಡುತ್ತದೆ.

ಕಾಕಾ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ಜರಾ ಹಿಂದ ಹಾಕು ತಮ್ಮಾ. ಅಂವ ಮ್ಯಾಲ ಬರೂದು ಇನ್ನೊಮ್ಮಿ ನೋಡಾಮು.”