‘ಆರ್‌ಬಿಐ ರೂಲ್ಸು’ ಅಂತ ಕಟ್ ಆದ ಇಪ್ಪತ್ತು ಸಾವಿರ

ಪ್ರಶ್ನೆ: 5 ಲಕ್ಷ ಪರ್ಸನಲ್ ಲೋನ್ ಮಂಜೂರಾಯ್ತು. ಖಾತೆಗೆ ಬಂದಿದ್ದು 4,80,000. ಕೇಳಿದ್ರೆ ‘ಇನ್ಶೂರೆನ್ಸ್ ಹಿಡಿದಿದ್ದೀವಿ, ಆರ್‌ಬಿಐ ರೂಲ್ಸು’ ಅಂದ್ರು. ಸಹಿ ನಂದೇ. ದುಡ್ಡು ವಾಪಸ್ ಬರುತ್ತಾ? (ಸಿಂಧನೂರು)

ಗಂಗಾವತಿಯಿಂದಲೂ ಇದೇ ಪ್ರಶ್ನೆ, ಸಿರುಗುಪ್ಪದಿಂದಲೂ ಇದೇ. ಎಲ್ಲರ ಬಾಯಲ್ಲೂ ಅದೇ ‘ಆರ್‌ಬಿಐ ರೂಲ್ಸು’. ಇನ್ನೊಂದು ಸಲ ಹೇಳ್ತೀನಿ: ಅಂಥ ರೂಲ್ಸು ಇಲ್ಲ.

ಸಾಲಗಾರ ಜೀವವಿಮೆ ಮಾಡಿಸಲೇಬೇಕು ಅಂತ ಆರ್‌ಬಿಐ ಹೇಳಿಲ್ಲ. ತಾನು ಮಾರುವ ಕಂಪನಿಯ ಪಾಲಿಸಿಯನ್ನೇ ತಗೊಳ್ಳಿ ಅಂತ ಬ್ಯಾಂಕು ಒತ್ತಾಯ ಮಾಡಬಾರದು ಅಂತ ಹೇಳಿದೆ. ‘ಮತ್ತೆ ಟ್ರ್ಯಾಕ್ಟರಿಗೆ ಕಡ್ಡಾಯ ಅಲ್ವಾ?’ ಅಂತೀರಿ. ಹೌದು, ಥರ್ಡ್ ಪಾರ್ಟಿ ಕಡ್ಡಾಯ. ಅದು ಮೋಟಾರು ವಾಹನ ಕಾಯ್ದೆ. ಸಾಲ ಇಲ್ಲದ ಟ್ರ್ಯಾಕ್ಟರಿಗೂ ಅದು ಬೇಕು. ಪರ್ಸನಲ್ ಲೋನಿಗೂ ಅದಕ್ಕೂ ಏನು ಸಂಬಂಧ?

ಕಳೆದುಕೊಂಡಿದ್ದು 20,000 ಅಷ್ಟೇ ಅಂದ್ಕೋಬೇಡಿ. ಅದೂ ಸಾಲವೇ. 12% ಬಡ್ಡಿ, 5 ವರ್ಷ ಅಂದ್ರೆ ಆ ಇಪ್ಪತ್ತಕ್ಕೆ ನೀವು ಕಟ್ಟೋದು ಸುಮಾರು 26,700.

ಸಹಿ ನಿಮ್ಮದೇ ಇರಲಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿಸಿ, ಖಾಲಿ ಜಾಗ ಆಮೇಲೆ ತುಂಬೋದು ಎಲ್ಲರಿಗೂ ಗೊತ್ತು. ಸಹಿ ಇದೆ ಅಂತ ದೂರು ಸಾಯಲ್ಲ.

ಪಾಲಿಸಿ ಕೈಗೆ ಬಂದು 30 ದಿನ ಆಗಿಲ್ಲವಾ? ‘ಫ್ರೀ ಲುಕ್’ (ಪಾಲಿಸಿ ನೋಡಿ ಬೇಡ ಅನಿಸಿದ್ರೆ ವಾಪಸ್ ಮಾಡೋ ಅವಧಿ) ಅಂತ ಬರೆದು ರದ್ದು ಮಾಡಿಸಿ. ಸಣ್ಣಪುಟ್ಟ ಕಡಿತ ಬಿಟ್ಟು ಉಳಿದಿದ್ದು ವಾಪಸ್. ದಿನ ಮೀರಿದ್ರೆ ಬ್ಯಾಂಕಿಗೂ ವಿಮಾ ಕಂಪನಿಗೂ ಬರೆದು ದೂರು ಕೊಡಿ, ನಕಲಿನ ಮೇಲೆ ಸೀಲು ಹಾಕಿಸ್ಕೊಳ್ಳಿ. ಬಾಯಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ರೆ ಬ್ಯಾಂಕಿನ ಮೇಲೆ ಆರ್‌ಬಿಐ ಓಂಬುಡ್ಸ್‌ಮನ್ ಅಂದ್ರೆ ಗ್ರಾಹಕರ ದೂರು ಕೇಳೋ ಅಧಿಕಾರಿ (ಫೋನ್ 14448), ಕಂಪನಿಯ ಮೇಲೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಎರಡಕ್ಕೂ ಶುಲ್ಕ ಇಲ್ಲ, ಆನ್‌ಲೈನಲ್ಲೇ ಆಗುತ್ತೆ. ಮಾನಸಿಕ ಕಿರಿಕಿರಿಗೂ ಪರಿಹಾರ ಬೇಕು ಅಂದ್ರೆ ರಾಯಚೂರಿನ ಗ್ರಾಹಕರ ಆಯೋಗ ಇದೆ, 2 ವರ್ಷದೊಳಗೆ ಹೋಗಬೇಕು.

ಯಾರೂ ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ. ಬೆಳೆ ಸಾಲದ ಪಾಸ್‌ಬುಕ್ಕಲ್ಲಿ ಕಟ್ ಆಗೋ ಫಸಲ್ ಬಿಮಾ (ಬೆಳೆ ವಿಮೆ) ಬೇರೆ ಕಥೆ. 2020ರ ಮುಂಗಾರಿನಿಂದ ಅದೂ ಕಡ್ಡಾಯ ಅಲ್ಲ. ಆದ್ರೆ ಬೇಡ ಅಂತ, ವಿಮೆಗೆ ಹೆಸರು ಸೇರಿಸೋ ಕೊನೆ ದಿನಕ್ಕೆ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ನೆ ಕೂತ್ರೆ ಕಟ್ ಆಗುತ್ತೆ, ಅದು ಮೋಸ ಅಲ್ಲ. ಮುಂಗಾರು ಭತ್ತಕ್ಕೆ ರೈತನ ಪಾಲು ವಿಮೆ ಮೊತ್ತದ 2% ಮಾತ್ರ. ಇಪ್ಪತ್ತು ಸಾವಿರದ ಸಿಟ್ಟಲ್ಲಿ ಅದನ್ನೂ ಬೇಡ ಅಂತ ಬರೆದುಕೊಟ್ಟು ಬರಬೇಡಿ ಮತ್ತೆ.